ಪಾಸಿನ ಮೇಲೆ ಬಂದವಳು

ಹಸುವಿನ ಬಾಯಲ್ಲಿ ಅರ್ಧ, ಚನ್ನಬಸಮ್ಮನ ಕೈಯಲ್ಲಿ ಅರ್ಧ... ನಡುವೆ ಅವಳ ಪಾಸ್‌ಪೋರ್ಟು!

"ಎಳೀಬ್ಯಾಡ ಕಣಮ್ಮಿ. ಎಳುದಷ್ಟೂ ನುಂಗ್ತದೆ," ಎಂದಿತು ಹಿಂದಿನಿಂದ ಒಂದು ಗಂಡು ದನಿ. ಅದರಲ್ಲಿ ಗಾಬರಿಯ ಸುಳಿವೇ ಇರಲಿಲ್ಲ.

ಚನ್ನಬಸಮ್ಮ ಎಳೆಯುವುದನ್ನು ನಿಲ್ಲಿಸಿದಳು, ಹಿಡಿತ ಮಾತ್ರ ಬಿಡಲಿಲ್ಲ. ಆ ಪುಟ್ಟ ಪುಸ್ತಕಕ್ಕಾಗಿ ಅವಳು ಅಪ್ಪನೊಂದಿಗೆ ಮದರಾಸಿಗೆ ಹೋಗಿ, ಯಾರ‍್ಯಾರದೋ ಮುಂದೆ ನಿಂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ವೀಸಾದ ಮುದ್ರೆ ಹಾಕಿಸಿಕೊಂಡು ಬಂದಿದ್ದಳು. ಸತ್ಯಮಂಗಲದಿಂದ ಘಟ್ಟದ ತಿರುವುಗಳನ್ನು ಹತ್ತಿದ ಬಸ್ಸು ಮೇಲಿನ ದಿಂಬಂನಲ್ಲಿ ಬಿಸಿಯೇರಿ ನಿಂತಿತು. ಅಪ್ಪ ಚಹಾ ಕುಡಿಯಲು ಹೋದರು. ಇನ್ನೊಮ್ಮೆ ನೋಡಿಬಿಡೋಣ ಎಂದು ಇವಳು ಪುಸ್ತಕ ಬಿಚ್ಚಿದ್ದೇ ತಪ್ಪಾಯಿತು ನೋಡಿ.

ಅವನು ಹಸುವಿನ ದವಡೆಯ ಮೂಲೆಗೆ ಬೆರಳು ತೂರಿಸಿದ. ಅದು ಬಾಯಿ ಬಿಟ್ಟಿತು. ಜೊಲ್ಲು ಸುರಿಯುತ್ತಿದ್ದ ಪುಸ್ತಕವನ್ನು ತನ್ನ ಹೆಗಲ ವಲ್ಲಿಯಿಂದ ಒರೆಸಿ, ಚಹಾ ಅಂಗಡಿಯ ಕುಳ್ಳಮ್ಮನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಾಳೆ ಹಾಳೆಯಾಗಿ ಕಾಯಿಸಿದ.

ಮುದ್ರೆ ಇದ್ದ ಹಾಳೆ ಬಂದಾಗ ಅವನ ಕೈ ನಿಂತಿತು. ಓದು ಬರದಿದ್ದರೂ ಅಂಕಿ ಗೊತ್ತಿತ್ತು.

"ಇದು ನಿನ್ ಪಾಸಾ?"

ಪಾಸು ಅಂದರೆ ಆ ಬೆಟ್ಟದವರಿಗೆಲ್ಲ ಗೊತ್ತು. ಕಾಡಿನಲ್ಲಿ ದನ ಮೇಯಿಸಲು ಅರಣ್ಯದವರು ಕೊಡುವ ಚೀಟಿ. ಅದರ ಮೇಲಿನ ತಾರೀಕು ಮುಗಿದರೆ ದನ ಕಾಡಿನಿಂದ ಹೊರಗಿರಬೇಕು. ಚನ್ನಬಸಮ್ಮ ನಗು ತಡೆದುಕೊಂಡು, ಅಮೆರಿಕಕ್ಕೆ ಹೋಗುವ ಪಾಸು ಎಂದಳು. ಯುವ ರೈತರ ಸಂಘವೊಂದು ಹಳ್ಳಿಯ ಹುಡುಗ ಹುಡುಗಿಯರನ್ನು ಆರಿಸಿ, ಅಲ್ಲಿನ ರೈತರ ಮನೆಗಳಲ್ಲಿ ಒಂದು ವರ್ಷ ಇದ್ದು ಕಲಿತು ಬರಲು ಕಳಿಸುತ್ತಿತ್ತು. ತಾಳವಾಡಿಯ ಹಾಲಿನ ಸಂಘಕ್ಕೆ ದುಡಿಯುತ್ತಿದ್ದ ಇವಳ ಹೆಸರು ಅದರಲ್ಲಿ ಬಂದಿತ್ತು.

"ದನ ಸಾಕೋದು ಕಲಿಯಕ್ಕೆ ಓಯ್ತಿದ್ದೀಯಾ?" ಅವನು ಅವಳ ಮುಖ ನೋಡಿದ. "ಅಸ ಬಾಯ್ ಆಕುದ್ರೆ ಬುಡ್ಸಕ್ಕೆ ಬರಲ್ವಲ್ಲ ನಿನ್ಗ."

ಕುಳ್ಳಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಚನ್ನಬಸಮ್ಮನ ಕಿವಿ ಬೆಚ್ಚಗಾಯಿತು. ಎಷ್ಟು ಕೊಬ್ಬು ಇವನಿಗೆ! ಪುಸ್ತಕ ಕಿತ್ತುಕೊಂಡು ಬಸ್ಸು ಹತ್ತಿದಳು. ಆದರೆ ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದವಳೂ ಅವಳೇ.

ಅದು ಎಪ್ಪತ್ತೇಳರ ಮಾಗಿ. ಅವನ ಹೆಸರು ಪುಟ್ಟಬಸಪ್ಪ, ತಿಗನಾರೆಯವನು.

* * *

ಅವನ ಮಾತು ಅವಳಿಗೆ ನಾಟಿತ್ತು. ನಿಜ ತಾನೆ? ಅಪ್ಪ ಶಿವಶಂಕರಪ್ಪನವರ ಮನೆಯಲ್ಲಿ ಕೊಟ್ಟಿಗೆ ತುಂಬ ದನವಿತ್ತು, ಕರೆಯಲು ಆಳುಗಳಿದ್ದರು. ಮಗಳು ಸತ್ಯಮಂಗಲದ ಹಾಸ್ಟೆಲಿನಲ್ಲಿ ಓದಿದವಳು. ಹೊರಡಲು ಇನ್ನೂ ಸಮಯವಿತ್ತು. ಹಾಲಿನ ಸಂಘಕ್ಕೆ ಬರುವ ರಾಚಮ್ಮನನ್ನು ಕೇಳಿದರೆ, ಹಾಲು ಕರೆಯುವುದನ್ನು ಕಲಿಯುವುದಾದರೆ ತಿಗನಾರೆಯ ಪುಟ್ಟಮಲ್ಲಮ್ಮನ ಹತ್ತಿರ ಕಲಿ ಅಂದಳು. ಹೋಗಿ ನೋಡಿದರೆ ಆಕೆ ಪುಟ್ಟಬಸಪ್ಪನ ಅವ್ವ!

ಪುಟ್ಟಮಲ್ಲಮ್ಮ ಗಂಡ ಸತ್ತ ಮೇಲೆ ಒಬ್ಬಳೇ ಮಗನನ್ನು ಬೆಳೆಸಿದವಳು. ಬಾಯಿ ಜೋರು, ಕೈ ಮೆತ್ತಗೆ. ಚನ್ನಬಸಮ್ಮ ಮೊದಲ ದಿನ ಒದೆ ತಿಂದು ಸೆಗಣಿಯಲ್ಲಿ ಕೂತಾಗ ಆಕೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು, ಆಮೇಲೆ ತಾನೇ ನೀರು ಕಾಯಿಸಿ ಕೈಕಾಲು ತೊಳೆಸಿದಳು. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡಿದ್ದ ಚನ್ನಬಸಮ್ಮನಿಗೆ ಆ ಬಿಸಿನೀರೇ ಸಾಕಾಯಿತು. ಮತ್ತೆ ಮತ್ತೆ ಹೋದಳು.

ಹೋದದ್ದು ಅವ್ವನಿಗಾಗಿಯೋ, ಮಗನಿಗಾಗಿಯೋ? ಅದನ್ನು ಅವಳೂ ಕೇಳಿಕೊಳ್ಳಲಿಲ್ಲ, ನಾವೂ ಕೇಳುವುದು ಬೇಡ.

ಪುಟ್ಟಬಸಪ್ಪ ತನ್ನ ದನಗಳ ಜೊತೆಗೆ ಕೆಳನಾಡಿನವರ ದನಗಳನ್ನೂ ಕೂಲಿಗೆ ಮೇಯಿಸುತ್ತಿದ್ದ. ಪಾಸಿನ ಮೇಲೆ ಅವು ತಾಳಮಲೆಯ ಕಾಡಿಗೆ ಬರುತ್ತಿದ್ದವು, ಪಾಸು ಮುಗಿದರೆ ಇಳಿದು ಹೋಗುತ್ತಿದ್ದವು. ಕೆಲವು ತಿಂಗಳು ಕೆಳಗೇ ಇರಬೇಕು. ಕಾಡು ಮತ್ತೆ ತೆರೆದರೆ ಹೊಸ ಪಾಸು, ಮತ್ತೆ ಮೇಲಕ್ಕೆ. ಒಂದು ದಿನ ಬಿಳಿ ಹಣೆಯ ಹಸುವೊಂದನ್ನು ತೋರಿಸಿ, ಇದರ ಹೆಸರೇನು ಎಂದು ಕೇಳಿದಳು. ಅವನ ಸ್ವಂತ ದನಗಳಿಗೆಲ್ಲ ಚಂದಚಂದದ ಹೆಸರಿದ್ದವು.

"ಪಾಸಿನ ದನೀಗ ಎಸ್ರು ಮಡುಗಲ್ಲ," ಎಂದ. "ಎಸ್ರು ಮಡುಗುದ್ರೆ ಕರೀತೀವಿ. ಕರುದ್ರೆ, ಓಗಾಗ ಅದು ತಿರುಗಿ ನೋಡ್ತದೆ. ಆಮ್ಯಾಕೆ ತಡ್ಕಳೋರು ಯಾರು?"

ಎಷ್ಟು ಗಟ್ಟಿ ಮನುಷ್ಯ ಅಂದುಕೊಂಡಿದ್ದೆನಲ್ಲ... ಇವನೊಳಗೆ ಎಷ್ಟು ಮೆತ್ತಗಿದೆ! ಆ ಗಳಿಗೆಯಲ್ಲೇ ಅವಳ ಮನಸ್ಸು ಜಾರಿತು. ಹೊರಡುವ ಹಿಂದಿನ ದಿನ ಅವನು ಕೇಳಿದ್ದು ಒಂದೇ ಮಾತು, ವರ್ಷ ಕಳೆದರೆ ಬರುತ್ತೀಯಲ್ಲ ಎಂದು. ಬರುತ್ತೇನೆ ಎಂದಳು. ಅಷ್ಟೇ. ಮದುವೆಯಾಗದ ಹೆಣ್ಣು ಗಂಡಿನ ಮನೆಗೆ ಕಾಗದ ಬರೆಯುವ ಕಾಲವಲ್ಲ ಅದು. ಆ ಒಂದು ಮಾತನ್ನೇ ಕಟ್ಟಿಕೊಂಡು ಅವಳು ವಿಮಾನ ಹತ್ತಿದಳು.

* * *

ಅಲ್ಲಿ ಇಳಿದ ದಿನವೇ ಅವಳಿಗೆ ಒಂದು ಸಂಗತಿ ತಿಳಿಯಿತು. ವೀಸಾ ಅಂದರೆ ಪಾಸಲ್ಲ. ಅದು ಬಾಗಿಲ ತನಕ ಬಂದು, ಒಳಗೆ ಬರಲೇ ಎಂದು ಕೇಳುವುದಕ್ಕೆ ಕೊಟ್ಟ ಅಪ್ಪಣೆ ಮಾತ್ರ. ಅದರ ಮೇಲಿನ ತಾರೀಕಿನೊಳಗೆ ಬಾಗಿಲಿಗೆ ಬರಬೇಕು, ಅಷ್ಟೆ. ಒಳಗೆ ಎಷ್ಟು ದಿನ ಇರಬಹುದು ಎನ್ನುವುದನ್ನು ಬಾಗಿಲಲ್ಲಿ ಕೂತ ಅಧಿಕಾರಿ ಬೇರೆ ಚೀಟಿಯಲ್ಲಿ ಬರೆದು ಕೊಡುತ್ತಾನೆ. ಮುದ್ರೆಯ ಕೆಳಗೆ ಎರಡು ವರ್ಷ ಎಂಬ ಇನ್ನೊಂದು ಸಾಲೂ ಇತ್ತು, ಅದನ್ನೂ ಸಂಘದವರು ಬಿಡಿಸಿ ಹೇಳಿದರು. ಹೀಗೆ ಕಲಿಯಲು ಬಂದವರು ಕಲಿತದ್ದನ್ನು ತಮ್ಮ ನೆಲಕ್ಕೆ ಒಯ್ಯಬೇಕು. ಎರಡು ವರ್ಷ ಸ್ವಂತ ದೇಶದಲ್ಲಿ ಬಾಳುವ ತನಕ ಇಲ್ಲಿ ನೆಲೆಸುವುದಕ್ಕೋ ಕೆಲಸಕ್ಕೋ ಬರುತ್ತೇನೆ ಎಂದು ಕೇಳುವಂತಿಲ್ಲ.

ಚನ್ನಬಸಮ್ಮನಿಗೆ ನಗು ಬಂತು. ನನ್ನನ್ನು ಊರಿಗೆ ಓಡಿಸಲು ಕಾನೂನು ಬೇಕೇ? ಮಂಜಿನಲ್ಲಿ ನಿಂತು ಯಾರದೋ ಹಸುವಿನ ಕೆಚ್ಚಲು ತೊಳೆಯುವಾಗ ಅವಳ ಕಣ್ಣಿಗೆ ಕಾಣುತ್ತಿದ್ದದ್ದು ತಿಗನಾರೆಯ ಕೊಟ್ಟಿಗೆ.

ಎಪ್ಪತ್ತೆಂಟರಲ್ಲಿ ವಾಪಸು ಬಂದಳು. ತಾಳವಾಡಿಯ ಮನೆಯಂಗಳದಲ್ಲಿ ಜನವೋ ಜನ. ಹಿಗ್ಗಿನಲ್ಲಿದ್ದ ಅಪ್ಪ ಪಾಸ್‌ಪೋರ್ಟನ್ನು ಪರಿಚಯದ ಕೃಷಿ ಅಧಿಕಾರಿಯ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ ಓದಿ ಎಂದರು. ತಮಿಳು ಸೀಮೆಗೆ ಸೇರಿದ ಊರು, ಅವರು ತಮಿಳಿನಲ್ಲಿ ಒಂದೊಂದೇ ಹೇಳುತ್ತ ಬಂದು, ಈಕೆ ಎರಡು ವರ್ಷ ಸ್ವದೇಶದಲ್ಲೇ ಇರಬೇಕು ಎಂದು ನಿಯಮವಿದೆ ಅಂದರು.

ಪಕ್ಕದ ಮನೆಯ ಮಾದೇವ ತಲೆಯಾಡಿಸಿದ. "ಅಂಗಾರೆ ಎರಡು ವರ್ಸ ಕಳುದ್ರೆ ತಿರ್ಗ ಓಯ್ತಾಳೆ ಅನ್ನಿ. ನಮ್ ದನಿನ ಪಾಸ್ ಇದ್ದಂಗೇಯ."

ಹೌದು ಹೌದು ಎಂದರು ಎಲ್ಲರೂ. ಪಾಸು ಮುಗಿದು ಇಳಿದ ದನ, ಕಾಡು ತೆರೆಯುವ ತನಕ ಕೆಳಗಿರಬೇಕು. ಮತ್ತೆ ಪಾಸು, ಮತ್ತೆ ಮೇಲಕ್ಕೆ. ಅವರಿಗೆ ಗೊತ್ತಿದ್ದ ಲೋಕದಲ್ಲಿ ಇದಕ್ಕೆ ಬೇರೆ ಅರ್ಥವೇ ಇರಲಿಲ್ಲ.

ಅಯ್ಯೋ, ಹಾಗಲ್ಲ... ಎನ್ನಲು ಬಾಯಿ ತೆರೆದಳು. ಆಗಲೇ ಗೋಡೆಯ ಬಳಿ ಅವನು ಕಂಡ. ಪುಟ್ಟಬಸಪ್ಪ! ಅವ್ವ ಕಳಿಸಿದ ತುಪ್ಪದ ಗಡಿಗೆ ಹಿಡಿದು ನಿಂತಿದ್ದ. ಅವಳನ್ನೇ ನೋಡುತ್ತಿದ್ದ.

ಆಡಬೇಕಾದ ಮಾತು ಅಲ್ಲೇ ನಿಂತಿತು. ಯಾಕೆ ಗೊತ್ತೇ? ಅವಳಿಗೆ ಒಂದು ಆಸೆ ಹುಟ್ಟಿತು. ಇವನೇ ಬಂದು ಕೇಳಲಿ. ಹೋಗಬೇಡ ಎಂದು ಒಂದೇ ಒಂದು ಮಾತು ಅನ್ನಲಿ. ಆಗ ಎಲ್ಲವನ್ನೂ ಬಿಡಿಸಿ ಹೇಳಿ ನಗಿಸೋಣ... ಎಂದುಕೊಂಡು ತಲೆ ತಗ್ಗಿಸಿ ಮುಗುಳ್ನಕ್ಕಳು.

ಆ ನಗುವನ್ನು ಅವನು ನೋಡಿದ. ಗಡಿಗೆಯನ್ನು ಜಗುಲಿಯ ಮೇಲಿಟ್ಟು ಹೊರಟುಹೋದ.

* * *

ಇಂದು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಕಾದಳು. ಅವನು ಬರಲಿಲ್ಲ. ಪರಿಚಯವಾದ ಮೇಲೆ ಸಂಘಕ್ಕೆ ತಾನೇ ಹಾಲು ತರುತ್ತಿದ್ದವನು ಈಗ ರಾಚಮ್ಮನ ಕೈಯಲ್ಲಿ ಕಳಿಸತೊಡಗಿದ. ತಾನು ತಾಳಮಲೆಯ ಕಾಡಿನ ದನದ ದೊಡ್ಡಿ ಸೇರಿಕೊಂಡ. ತಿಂಗಳುಗಳು ಉರುಳಿದವು. ಒಮ್ಮೆ ದಿಂಬಂನಲ್ಲಿ ಎದುರಾದ. ಅವನು ದನ ಬದಿಗೆ ಸರಿಸಿ, ದಾರಿ ಬಿಟ್ಟು ನಿಂತು, "ಚೆಂದಾಗಿದ್ದೀರಾ?" ಎಂದ.

ಇದ್ದೀರಾ... ಎಂದಿನಿಂದ ನಾನು ಇವನಿಗೆ ನೀವು ಆದೆ? ಬಸ್ಸಿನಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬೇರೆ ಹೆಣ್ಣು ನೋಡಿರಬೇಕು. ಇಲ್ಲವೇ, ಊರು ಸುತ್ತಿ ಬಂದವಳು ಬೇಡ ಎನಿಸಿರಬೇಕು. ಹಾಗಿದ್ದರೆ ನಾನೇಕೆ ಬಾಗಿಲಿಗೆ ಹೋಗಿ ನಿಲ್ಲಲಿ? ಅವಳಿಗೂ ಹಟ ಬಂತು. ಮಗನ ಮೇಲಿನ ಸಿಟ್ಟಿಗೆ ಅವ್ವನ ಮನೆಗೆ ಹೋಗುವುದನ್ನೂ ಬಿಟ್ಟಳು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಎರಡನೆಯ ವರ್ಷವೂ ಸವೆಯುತ್ತ ಬಂತು.

ಎಂಬತ್ತರ ಆಶ್ವೀಜದಲ್ಲಿ ರಾಚಮ್ಮ ಬರಿಗೈಯಲ್ಲಿ ಬಂದಳು. ಪುಟ್ಟಮಲ್ಲಮ್ಮ ಹಾಲು ಕರೆಯುವುದಿರಲಿ, ಎದ್ದು ಕೂರಲೂ ಆಗದೆ ಮಲಗಿದ್ದಾಳೆ, ಎದೆಯಲ್ಲಿ ಕಫ ಕಟ್ಟಿದೆ, ಡಾಕ್ಟರು ಕೈಚೆಲ್ಲಿದ್ದಾರೆ. ಮಗನನ್ನು ಕರೆತರಲು ತಿಗನಾರೆಯ ಹುಡುಗ ಚಿಕ್ಕಮಾದ ಕಾಡಿಗೆ ಹೋಗಿದ್ದಾನೆ ಎಂದಳು.

ಚನ್ನಬಸಮ್ಮ ಹಾಗೆಯೇ ಎದ್ದು ಹೊರಟಳು.

ಆ ಜೋರು ಬಾಯಿಯ ಹೆಂಗಸು ಒಂದು ಹಿಡಿಯಾಗಿ ಚಾಪೆಯ ಮೇಲಿದ್ದಳು. ಚನ್ನಬಸಮ್ಮ ನೀರು ಕಾಯಿಸಿ ಮೈ ಒರೆಸಿದಳು, ಹಣೆಗೆ ವಿಭೂತಿ ಹಚ್ಚಿದಳು. ಬಹಳ ಹೊತ್ತಿನ ಮೇಲೆ ಪುಟ್ಟಮಲ್ಲಮ್ಮ ಕಣ್ಣು ಬಿಟ್ಟಳು.

"ಬಂದಾ ಕೂಸೇ... ನಿನ್ ಪಾಸು ಮುಗೀತಾ? ಯಾವತ್ತು ಓಯ್ತೀಯಾ?"

"ಎಲ್ಲಿಗವ್ವಾ?"

"ಅದೇ... ಆ ದೇಸಕ್ಕ. ನೀನು ಬಂದ ಒಸದ್ರಲ್ಲೇ ನಾ ಬಂದಿದ್ದೆ ಕಣವ್ವ ನಿಮ್ಮನೆಗ. ನಿನ್ನ ಕೇಳಕ್ಕ." ಉಸಿರು ಸಾಲದೆ ನಿಲ್ಲಿಸಿದಳು. "ಎರಡು ವರ್ಸ ಕಳುದ್ರೆ ಮಗಳು ಓಗೋಳು, ಕಟ್ಟಾಕ್ಬ್ಯಾಡಿ ಅಂದ್ರು ನಿಮ್ಮಪ್ಪ. ಮಗುಂಗ ಯೋಳ್ನಿಲ್ಲ. ನೊಂದ್ಕತಾನೆ ಅಂತ."

ಚನ್ನಬಸಮ್ಮನ ಕೈಯಲ್ಲಿದ್ದ ಬಟ್ಟೆ ನೀರಿಗೆ ಬಿತ್ತು.

ಪುಟ್ಟಮಲ್ಲಮ್ಮ ಮುಂದುವರಿಸಿದಳು. "ಅವ್ನಿಗೂ ಗೊತ್ತಿತ್ತು, ನೀ ಓಗೋಳೂಂತ. ಚನ್ನಿ ಚನ್ನಿ ಅಂತ ನಾ ಅಂತಿದ್ರೆ, ಪಾಸಿನ ಮ್ಯಾಲೆ ಬಂದೋಳ ಎಸ್ರಿಡ್ದು ಕರೀಬ್ಯಾಡ ಕಣವ್ವ, ಆಮ್ಯಾಕೆ ತಡ್ಕಳಕ್ಕಾಗಲ್ಲ ಅಂತ ಎದ್ದೋಯ್ತಿದ್ದ."

ನೀವು ಎಂದದ್ದು ಅದಕ್ಕೇ! ದಾರಿ ಬಿಟ್ಟು ನಿಂತದ್ದು, ಕಾಡು ಸೇರಿದ್ದು, ಎಲ್ಲವೂ ಅದಕ್ಕೇ. ಆ ದಿನ ಅಂಗಳದಲ್ಲಿ ಬಾಯಿಗೆ ಬಂದಿದ್ದ ಒಂದು ಮಾತನ್ನು ನುಂಗಿಕೊಂಡದ್ದಕ್ಕೆ ಎರಡು ವರ್ಷ ಮೂವರು ಉರಿದರಲ್ಲ... ಅವಳಿಗೆ ತನ್ನ ನಗುವನ್ನೇ ಕಿತ್ತೆಸೆಯಬೇಕು ಅನಿಸಿತು.

"ಅವ್ವಾ, ಅದು ಪಾಸಲ್ಲ ಕಣವ್ವ," ಎಂದಳು ಬಿಕ್ಕುತ್ತ. "ಬಾಗ್ಲು ತನಕ ಓಗಿ, ಒಳೀಕ್ಕೆ ಬರ‍್ಲಾ ಅಂತ ಕೇಳಕ್ಕೆ ಕೊಡೋದು ಅದು. ಕೇಳಿದ್ದೂ ಆಯ್ತು, ಓಗಿದ್ದೂ ಆಯ್ತು, ಬಂದಿದ್ದೂ ಆಯ್ತು. ಅದು ಸತ್ತೋಗದೆ. ಎರಡು ವರ್ಸ ಇಲ್ಲೇ ಇರ‍್ಬೇಕು ಅಂತದೆ ಅಷ್ಟೇಯ. ಆಮ್ಯಾಕೆ ಓಗು ಅಂತ ಎಲ್ಲೂ ಇಲ್ಲ. ಯಾರೂ ಕರೀನಿಲ್ಲ ನನ್ನ."

ಪುಟ್ಟಮಲ್ಲಮ್ಮ ಅವಳನ್ನೇ ನೋಡಿದಳು. ಅರ್ಥವಾಯಿತೋ ಇಲ್ಲವೋ... ತುಟಿ ಅಲುಗಿತು, ದನಿ ಬರಲಿಲ್ಲ. ಚನ್ನಬಸಮ್ಮ ಬಾಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಆ ಒಣಗಿದ ಕೈ ಮೇಲೆದ್ದು ಅವಳ ಕೆನ್ನೆಯ ಮೇಲೆ ಕೂತಿತು.

ಪುಟ್ಟಬಸಪ್ಪ ಕಾಡಿನಿಂದ ಓಡುತ್ತ ಬಂದು ಸೇರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅವ್ವನ ಕೈ ತಣ್ಣಗಾಗಿತ್ತು.

* * *

ಮನೆಗೆ ಬಂದು ಚನ್ನಬಸಮ್ಮ ಅಪ್ಪನ ಮುಂದೆ ನಿಂತಳು. ಶಿವಶಂಕರಪ್ಪನವರು ಏನನ್ನೂ ಮರೆಮಾಚಲಿಲ್ಲ. ಪುಟ್ಟಮಲ್ಲಮ್ಮ ಬಂದದ್ದು ನಿಜ, ಇಲ್ಲವೆಂದು ಕಳಿಸಿದ್ದೂ ನಿಜ. ಮಗಳ ದಾರಿಗೆ ಅಡ್ಡ ಬರಬಾರದು ಎಂದೇ ಹಾಗೆ ಮಾಡಿದೆ, ಬಂದ ಬೇರೆ ಸಂಬಂಧಗಳನ್ನೂ ಹಾಗೆಯೇ ಕಳಿಸಿದೆ ಎಂದರು. "ನೀನಾರೂ ಒಂದ್ ಮಾತು ಯೋಳ್ಬೌದಾಗಿತ್ತಲ್ಲ ಮಗ," ಎಂದವರ ಕಣ್ಣು ತುಂಬಿತ್ತು. ಯಾರನ್ನು ಬೈಯುವುದು? ಮಾತು ಇದ್ದದ್ದು ಅವಳೊಬ್ಬಳ ಹತ್ತಿರ.

ಪುಟ್ಟಮಲ್ಲಮ್ಮನನ್ನು ಅವರ ಹೊಲದ ಅಂಚಿನಲ್ಲಿ ಗಂಡನ ಪಕ್ಕದಲ್ಲೇ ಮಣ್ಣು ಮಾಡಿದರು. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮರುದಿನ ಚನ್ನಬಸಮ್ಮ ತಿಗನಾರೆಗೆ ನಡೆದಳು. ಅಪ್ಪನಿಗೆ ಹೇಳಿಯೇ ಹೊರಟಿದ್ದಳು. ಅವರು ತಡೆಯಲಿಲ್ಲ.

ಅವನು ಸಮಾಧಿಯ ಮೇಲೆ ಮುಳ್ಳು ಹೊದಿಸುತ್ತಿದ್ದ, ಹಂದಿ ಕೆದಕದ ಹಾಗೆ. ಅವಳನ್ನು ಕಂಡು ಎದ್ದು ನಿಂತ.

"ಬನ್ನಿ," ಎಂದ.

ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮುದ್ರೆಯಲ್ಲಿ ಇದ್ದದ್ದೇನು, ಊರು ತಿಳಿದದ್ದೇನು, ತಾನು ಸುಮ್ಮನಿದ್ದು ನಕ್ಕದ್ದು ಯಾಕೆ, ಯಾವುದನ್ನೂ ಮುಚ್ಚಿಡಲಿಲ್ಲ. ಅವನ ಅವ್ವ ತಮ್ಮ ಮನೆಗೆ ಬಂದು ಕೇಳಿದ್ದನ್ನೂ, ಅಪ್ಪ ಇಲ್ಲವೆಂದದ್ದನ್ನೂ ಹೇಳಿದಳು.

ಅದೊಂದನ್ನು ಕೇಳಿ ಅವನು ನೆಲಕ್ಕೆ ಕುಸಿದು ಕೂತ. ಗಂಡಸು ಹಾಗೆ ಅಳುವುದನ್ನು ಅವಳು ನೋಡಿರಲಿಲ್ಲ. ಅವ್ವ ಒಬ್ಬಳೇ ಹೋಗಿ, ಇಲ್ಲ ಅನ್ನಿಸಿಕೊಂಡು, ಬಂದು ಎಂದಿನಂತೆ ಅವನಿಗೆ ಮುದ್ದೆ ಬಡಿಸಿದ್ದಳು. ಒಂದು ದಿನವೂ ಮುಖದಲ್ಲಿ ತೋರಿಸಿರಲಿಲ್ಲ. ಅವನೋ, ಕಾಡಿನಲ್ಲಿ ಕೂತು ತನ್ನ ನೋವೊಂದೇ ದೊಡ್ಡದು ಎಂದುಕೊಂಡಿದ್ದ.

"ನಾ ಒಂದ್ಸಲ ಕೇಳ್ಬೇಕಾಗಿತ್ತು," ಎಂದ. "ಓಯ್ತೀನಿ ಅಂದ್ಬುಟ್ಟಿಯೇನೋ ಅಂತ ಬಯ."

"ನಾನು ಒಂದ್ಸಲ ಯೋಳ್ಬೇಕಾಗಿತ್ತು."

ಹೊಲದಲ್ಲಿ ರಾಗಿ ತೆನೆ ಬಲಿಯುತ್ತಿತ್ತು. ಅವಳು ಸಮಾಧಿಯ ಈಚೆ ಬದಿಗೆ ಕೂತು ಮುಳ್ಳಿನ ಕೊಂಬೆಗಳನ್ನು ಒಂದೊಂದಾಗಿ ಅವನ ಕೈಗೆ ಕೊಟ್ಟಳು. ಅವನು ಹೊದಿಸಿದ.

ಕೊನೆಯ ಕೊಂಬೆ ಕೊಟ್ಟಾಗ ಅವನು ಅವಳ ಕೈ ಬಿಡಲಿಲ್ಲ.

"ಚನ್ನಿ..."

"ಊಂ."

"ನನ್ ಮನೆಗ ಬತ್ತೀಯಾ?"

ಎರಡು ವರ್ಷ ಕಾದಿದ್ದ ಮಾತು ಬಂದೇಬಿಟ್ಟಿತು. ಆದರೆ ಅವಳು ಅಂದುಕೊಂಡಂತೆ ನಗು ಬರಲಿಲ್ಲ. ತಲೆಯಾಡಿಸಿದಳು ಅಷ್ಟೆ.

"ವರ್ಸ ಕಳೀಬೇಕು. ಸಾವಾದ ಮನೆ," ಎಂದ.

"ಕಾಯ್ತೀನಿ."

ಅವನು ಮಣ್ಣಿನ ಗುಡ್ಡೆಯ ಕಡೆ ನೋಡಿದ. ಮತ್ತೆ ಕಣ್ಣು ತುಂಬಿತು. "ಅವ್ವ ಇದ್ನ ಕೇಳಿಸ್ಕಂಡು ಓಗ್ನಿಲ್ವಲ್ಲ ಚನ್ನಿ. ಅದೊಂದ್ ಮಾತ್ಗ ಎಷ್ಟು ಆಸೆ ಮಡಿಕಂಡಿದ್ಲು."

"ಕೇಳಿಸ್ಕಂಡೇ ಓದ್ರು."

ಅವನು ತಲೆಯೆತ್ತಿದ.

"ಆವತ್ತು ಕಿವೀಲಿ ಯೋಳ್ದೆ. ನಿನ್ ಮನೆಗ ಸೊಸೆಯಾಗಿ ಬತ್ತೀನಿ ಕಣವ್ವ ಅಂತ."

ಪುಟ್ಟಬಸಪ್ಪನ ಅಳುವಿನ ನಡುವೆಯೇ ಎಲ್ಲೋ ಒಂದು ಸಣ್ಣ ನಗು ಹಣಕಿತು. "ನಾ ಕೇಳೋಕ್ಕೆ ಮುಂಚೇನೇ ಯೋಳ್ಬುಟ್ಟಾ?"

ಚನ್ನಬಸಮ್ಮ ಅವನ ಕೈಗೆ ಅಂಟಿದ್ದ ಮಣ್ಣನ್ನು ತನ್ನ ಸೆರಗಿನಿಂದ ಒರೆಸಿದಳು.

"ಮೊದ್ಲು ಕೇಳಿದ್ದು ಅವ್ರಲ್ವಾ?"